ಎರಡಽ ಟೈರು

ಮಿರಗದ ಮಳಿಗೆ ಇನ್ನೂ ಒಂಬತ್ತು ದಿನ.
ಗಬ್ಬೂರ ಕ್ರಾಸಿನ ಅಂಗಡ್ಯಾಗ ಮಕ್ತುಂಸಾಬ
ನನ್ನ ಓಮ್ನಿಯ ಗಾಲಿಗೆ ರೂಪಾಯಿ ನಾಣ್ಯ ಸಿಗಿಸಿ ನೋಡಿ
ಲೊಚಗುಟ್ಟಿದ:
"ಅಕ್ಕಾರ, ಇದು ಟೈರಲ್ಲ, ಬೋಳುತಲಿ."

ನವಲಗುಂದದ ಎರಿ ನಿಮಗ ಗೊತ್ತಿಲ್ಲ.
ಒಣಗಿದ್ರ ಕಲ್ಲು, ನೆನೆದ್ರ ಬೆಣ್ಣಿ.
ಚಕ್ಕಡಿ ಎತ್ತುಗಳೂ ಹೆಜ್ಜಿ ಎಣಿಸಿ ಇಡತಾವ.

ರಿಸೋಲ್ ಬ್ಯಾಡ ಅಂದೆ.
ಹೊಸಾ ಟೈರಿನ ಬದಿಗೆ ಒತ್ತಿದ ನಾಲ್ಕು ಅಂಕಿ ಓದಿದೆ:
ಹುಟ್ಟಿದ ವಾರ, ಹುಟ್ಟಿದ ವರ್ಷ.
ಹೆಣ್ಣು ನೋಡಾಕ ಬಂದವರು ನನ್ನ ಜಾತಕಾನೂ
ಇಷ್ಟು ಬಗ್ಗಿ ನೋಡಿದ್ದಿಲ್ಲ.

ಪರ್ಸಿನ್ಯಾಗ ಎರಡಕ್ಕಷ್ಟಽ ರೊಕ್ಕ.
"ಮುಂದ ಹಾಕು."
"ಇಲ್ರಿ, ಹಿಂದ. ಮಳ್ಯಾಗ ಗಾಡಿ ಕೈ ಬಿಡೂದು ಹಿಂದಿಂದ."

ವಾದ ಮಾಡಾಕ ಬಾಯಿ ತೆರೆದೆ.
ಹಿಂದಿನ ಸೀಟಿನ ಸಂದ್ಯಾಗ
ಸಾಲಿ ಹುಡುಗ್ಯಾರು ಬಿಟ್ಟ ಒಂದು ರಿಬ್ಬನ್ನು,
ಅರ್ಧ ಕಡದ ಪೇರಲ.

ಹಿಂದಽ ಹಾಕಪಾ.