ಹೂಕೋಸಿನ ಪಾಠ

ಅರಸೀಕೆರೆ ಸಂತೆಯಲ್ಲಿ ಆರಿಸಿ ಆರಿಸಿ ತಂದದ್ದು,
ಎಲೆ ಕಿತ್ತು, ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ
ಆರನೇ ಕ್ಲಾಸಿನ ಮೇಜಿನ ಮೇಲಿಟ್ಟೆ.
ಇದು ಮಿದುಳು ಅಂದ್ಕೊಳ್ಳಿ, ಅಂದೆ.
"ಗೋಬಿ ಮಂಚೂರಿ ಮಿಸ್!" ಹಿಂದಿನ ಬೆಂಚು.

ನಗು ಮುಗಿಯುವ ಮೊದಲೇ ಮುಬೀನಾ ಎದ್ದಳು.
ಸ್ಟೇಷನ್ ರೋಡಿನಲ್ಲಿ ಅವಳಪ್ಪನ ಮಟನ್ ಅಂಗಡಿ.
"ಇಷ್ಟು ಗಟ್ಟಿ ಇರಲ್ಲ ಮಿಸ್.
ಕುರೀದು ನಾನು ಅಂಗೈಲಿ ಹಿಡ್ದಿದೀನಿ.
ಬೆಣ್ಣೆ ಥರ. ಬೆರಳಿಟ್ರೆ ಒಳಗೆ ಹೋಯ್ತದೆ.
ಅದಕ್ಕೇ ಸುತ್ತ ಅಷ್ಟು ಗಟ್ಟಿ ಮೂಳೆ,
ಅಪ್ಪ ಎರಡೆರಡು ಸಲ ಮಚ್ಚು ಹಾಕಬೇಕು."

ಬಿ.ಎಡ್.ನಲ್ಲಿ ಯಾರೂ ನನಗೆ ಹೀಗೆ ಹೇಳಿಕೊಟ್ಟಿರಲಿಲ್ಲ.
ಸೀಮೆಸುಣ್ಣ ಅವಳ ಕೈಗೆ ಕೊಡಬಹುದಿತ್ತು.
ಕೊಡಲಿಲ್ಲ.

ಸರಿ, ಬೆಳಗಿನಿಂದ ಅದು ಏನೇನು ಮಾಡಿತು, ಹೇಳಿ.
"ಉಪ್ಪಿಟ್ಟಲ್ಲಿ ಮೆಣಸಿನಕಾಯಿ ಹುಡುಕ್ತು."
"ಕೈ ಬಿಟ್ಟು ಸೈಕಲ್ ಹೊಡೀತು, ನಾನು ಬಾಳೆಹಣ್ಣು ತಿಂತಿದ್ದೆ."
"ಹೋಂವರ್ಕ್ ಮರೀತು."
ಮರೆಯುವುದೂ ಅದರದೇ ಕೆಲಸ, ಅಂದೆ,
ಆ ಹುಡುಗ ಗೆದ್ದವನಂತೆ ಸುತ್ತ ನೋಡಿದ.
ಹೇಮಲತಾ, ಬಾಗಿಲ ಕಡೆ ನೋಡುತ್ತ:
"ಅಮ್ಮನ ಹೆಜ್ಜೆ ಸದ್ದಲ್ಲೇ
ಇವತ್ತು ಸಿಟ್ಟು ಐತಾ ಇಲ್ವಾ ಗೊತ್ತಾಯ್ತದೆ."

ಅಷ್ಟರಲ್ಲಿ ಗೂಡ್ಸ್ ಬಂತು.
ಗೂಡ್ಸ್ ಬಂದರೆ ನಮ್ಮಲ್ಲಿ ಪಾಠ ನಿಲ್ಲುತ್ತದೆ.
ಕಿಟಕಿಯ ಸರಳು ನಡುಗುತ್ತವೆ,
ಮಕ್ಕಳು ತುಟಿಯಲ್ಲೇ ಡಬ್ಬಿ ಎಣಿಸುತ್ತಾರೆ.
ನಾನು "ಬೆನ್ನುಹು" ಅನ್ನುವಲ್ಲಿ ನಿಂತಿದ್ದೆ.
ಐವತ್ತೆಂಟು ಡಬ್ಬಿ ದಾಟಿದ ಮೇಲೆ
"ರಿ" ಅಂದೆ.
ಒಬ್ಬರೂ ಏನು ಅಂತ ಕೇಳಲಿಲ್ಲ.
ನೋಡಿದ್ರಾ, ಇದೂ ಅದೇ.

ಆಗ ಓಂಕಾರ ಕೈ ಎತ್ತಿದ.
ಜೂನಿನಿಂದ ಮೇಲೇಳದ ಕೈ.
ಹೋದ ತಿಂಗಳು ನಲ್ಲಿಯ ಹತ್ತಿರ ಬಿದ್ದು ಒದ್ದಾಡಿದ್ದ,
ಅಡುಗೆಯವರು ಕಬ್ಬಿಣದ ಸೌಟು ಹಿಡಿಸಿದರು,
ಯಾರೋ ಬೀರುವಿನ ಬೀಗದ ಕೈ, ಯಾರೋ ಚಪ್ಪಲಿ ಮೂಸಿಸಿದರು.
ಅಂದಿನಿಂದ ಆ ಬೆಂಚಿನಲ್ಲಿ ಅವನೊಬ್ಬನೇ.
"ಆವಾಗ ಅದು ಏನ್ ಮಾಡ್ತಿರ್ತದೆ ಮಿಸ್?"

ಪುಸ್ತಕದಲ್ಲಿ ಆ ಪುಟ ಇಲ್ಲ.
ಕೈಯ ಸುಣ್ಣವನ್ನು ಸೀರೆಗೆ ಒರೆಸಿಕೊಂಡೆ.
ನಾನು ಹೆಡ್ ಮೇಷ್ಟ್ರ ರೂಮಿಗೆ ಹೋದಾಗ
ನೀವೇನು ಮಾಡ್ತೀರಿ?
ಕಳ್ಳನಗು, ಬೆಂಚಿನಿಂದ ಬೆಂಚಿಗೆ.
ನಲವತ್ತೊಂದು ಜನ ಒಟ್ಟಿಗೇ ಕೂಗ್ತೀರಿ,
ಯಾರ ಮಾತೂ ಯಾರಿಗೂ ಕೇಳಲ್ಲ.
ಒಳಗೆ ಹಾಗೇ, ಒಂದೆರಡು ನಿಮಿಷ.
ಗಾಳಿ ಅಲ್ಲ, ಶಾಪ ಅಲ್ಲ,
ಗದ್ದಲ.

"ಮತ್ತೆ ಕಬ್ಬಿಣ?"
ಗದ್ದಲಕ್ಕೆ ಬೀಗದ ಕೈ ಯಾತಕ್ಕೆ?
ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ.
ತಲೆಯಡಿ ಮೆತ್ತಗೆ ಏನಾದರೂ ಇಟ್ಟು
ಪಕ್ಕದಲ್ಲೇ ಕೂತಿರಿ. ಒಬ್ಬರು ಓಡಿ ಬಂದು ನನಗೆ ಹೇಳಿ.
"ನನ್ನ ಬ್ಯಾಗ್ ಇಡಬಹುದಾ?" ಮುಬೀನಾ.
"ಅದರಲ್ಲಿ ಜಾಮಿಟ್ರಿ ಬಾಕ್ಸ್ ಐತೆ."
ಬಾಕ್ಸ್ ತೆಗೆದು ಇಡು, ಅಂದೆ.

ಓಂಕಾರ ಇನ್ನೂ ಯೋಚಿಸುತ್ತಿದ್ದ.
"ಟೀಚರ್ ವಾಪಸ್ ಬರ್ತಾರಾ ಮಿಸ್, ಒಳಗೆ?"
ಬಂದಿದಾರಲ್ಲೋ.
ಇಲ್ಲದಿದ್ರೆ ಈಗ ಈ ಪ್ರಶ್ನೆ ಕೇಳಿದ್ದು ಯಾರು?

ಹೂಕೋಸು ಬಿಸಿಯೂಟದ ಸಾಂಬಾರಿಗೆ ಹೋಯಿತು.
ಒಂದು ಹೂವನ್ನು ಇಡೀ ಶಾಲೆಗೆ ಹಂಚುವುದು
ಅಡುಗೆಯವರಿಗೇ ಗೊತ್ತಿರುವ ಲೆಕ್ಕ.
"ನಂಗೆ ಮಿದುಳು ಬರಲೇ ಇಲ್ಲ" ಅಂತ ಒಬ್ಬ ಅತ್ತ.
ಓಂಕಾರನ ತಟ್ಟೆಗೆ ಒಂದು ಚೂರು ಬಿದ್ದಿತ್ತು.
ಕೊನೆಗೆ ತಿನ್ನಲೆಂದು ಅದನ್ನು
ಅಂಚಿಗೆ ಸರಿಸಿಟ್ಟುಕೊಂಡಿದ್ದ.