ಶನಿವಾರ ಗಿರಾಕಿ ಬರುತ್ತಾನೆ

ಗಾಜಲ್ಲ ಇದು, ಪ್ಲಾಸ್ಟಿಕ್ಕು.
ಒಡೆಯುವುದಿಲ್ಲ, ಮುನಿಸಿಕೊಳ್ಳುತ್ತದೆ.
ವರ್ಷಕ್ಕಿಷ್ಟು ವರ್ಷಕ್ಕಿಷ್ಟು ಬಿಳಿಚಿಕೊಂಡು
ಕೊನೆಗೊಂದು ದಿನ ಹಾಲಿನ ಕೆನೆಯ ಹಾಗೆ
ಹಿಂದಿನ ರಸ್ತೆಯ ಮೇಲೆ ಕೂತುಬಿಡುತ್ತದೆ.

ಟ್ರಿಯೆಸ್ತೆಯಲ್ಲಿ ಬೋರಾ ಗಾಳಿ ಬಿದ್ದುಹೋದ ಬೆಳಿಗ್ಗೆ
ಗೋಡೆಯ ನೆರಳಿಗೆ ಕಾರು ತಳ್ಳಿದೆ.
ಬಿಸಿಲಿಗೆ ಕಾದರೆ ಪಾಲಿಶ್ ಅಂಟಿ ಕೂರುತ್ತದೆ.
ಕೆಂಪು ಆಲ್ಫಾ, ಮಡಚುವ ಕಪ್ಪು ಬಟ್ಟೆಯ ಮಾಡು,
ನನಗೂ ತಂಗಿ ಜೋರಾಳಿಗೂ ಸೇರಿ ಒಂದೇ.
ಅರ್ಧ ಅವಳದು.
ಯಾವ ಅರ್ಧ ಎಂಬುದೇ ಇಪ್ಪತ್ತೆಂಟು ವರ್ಷದ ಜಗಳ.

ಮೊದಲು ಸೋಪಿನ ನೀರು. ಬರೀ ಸೋಪಿನ ನೀರು.
ಮನೆ ಕಿಟಕಿಯ ನೀಲಿ ದ್ರಾವಣ ಸುರಿದಿರೋ, ಕೆಟ್ಟಿರಿ,
ಅದರ ಅಮೋನಿಯಾ ಇದರ ಚರ್ಮವನ್ನೇ ತಿನ್ನುತ್ತದೆ.
ಹಲ್ಲುಜ್ಜುವ ಪೇಸ್ಟೇ ಸಾಕು ಅಂದ ಕೆಳಮನೆಯ ದುಯಿಲಿಯೊ.
ಉಜ್ಜಿದೆ. ಪುದೀನ ವಾಸನೆಯ ಮಂಜು ಸಿಕ್ಕಿತು.

ಆಮೇಲೆ ನೆನೆಸಿದ ಉಪ್ಪುಕಾಗದ, ಎರಡು ಸಾವಿರದ್ದು,
ಅದರ ಹಿಂದೆ ಮೂರು ಸಾವಿರದ್ದು.
ಸುತ್ತ ಸುತ್ತ ಅಲ್ಲ; ಅಡ್ಡಕ್ಕೆ ಅಡ್ಡ, ಉದ್ದಕ್ಕೆ ಉದ್ದ.
ಟ್ರಾಮ್ ನಡೆಸಿ ನಿವೃತ್ತಳಾದವಳು ನಾನು,
ನೇರ ಹೋಗಿ ನೇರ ಬರುವುದು ಕೈಗೆ ಗೊತ್ತು.
ಮೊದಮೊದಲು ಇನ್ನೂ ಕೆಡುತ್ತದೆ. ಪೂರಾ ಕುರುಡಾಗುತ್ತದೆ.
ಹೆದರಿ ಕೈಬಿಟ್ಟವರೆಲ್ಲ ಇಲ್ಲೇ ಬಿಟ್ಟದ್ದು.
ಬೆಳ್ಳನೆಯ ನೀರು ಮೊಣಕೈಯವರೆಗೆ ಇಳಿಯಿತು.

ಇದೇ ಕಿಟಕಿಗೆ ಮೂಗೊತ್ತಿ
ಫೆರ್ನೆತ್ತಿಯ ಗಡಿ ಕಾವಲುಗಾರ ಟಾರ್ಚು ಬಿಡುತ್ತಿದ್ದ.
ಅತ್ತಣಿಂದ ಮಾಂಸ, ಇತ್ತಣಿಂದ ಜೀನ್ಸು, ಕಾಫಿ.
ಸೀಟು ಎನ್ನಲಾಗದ ಆ ಹಿಂದಿನ ಸೀಟಿನಲ್ಲಿ
ಮುದುಡಿ ನರಳುವುದು ಜೋರಾಳ ಪಾಲಿನ ಕೆಲಸ,
ಕಂಬಳಿಯಡಿ ಅವಳು, ಅವಳಡಿ ಐದು ಕಿಲೊ ಕಾಫಿಬೀಜ.
"ಜ್ವರವೇ?" ಎನ್ನುತ್ತಿದ್ದ.
"ಜ್ವರ" ಎನ್ನುತ್ತಿದ್ದೆ, ಎರಡೂ ಭಾಷೆಯಲ್ಲಿ.
ಕಾರಿಡೀ ಹುರಿದ ಕಾಫಿಯ ಘಮ.
ಆ ಮನುಷ್ಯನಿಗೆ ಮೂಗಿರಲಿಲ್ಲವೋ,
ಮೂಗಿನ ಜೊತೆ ಮನೆಯಲ್ಲಿ ಮಕ್ಕಳೂ ಇದ್ದರೋ.

ಮುಂದೆಂದೋ ಒಂದು ಡಿಸೆಂಬರು,
ಗಡಿಯ ಅಡ್ಡಗಂಬ ಎತ್ತಿಬಿಟ್ಟ ರಾತ್ರಿ.
ಮಾಡು ಮಡಚು, ನಿಂತುಕೊಂಡೇ ದಾಟಬೇಕು ಅಂದಳು ಜೋರಾ.
ಚಳಿಗೆ ಮಡಚಬಾರದು, ಪ್ಲಾಸ್ಟಿಕ್ಕು ಬಿರಿಯುತ್ತದೆ ಅಂದೆ.
ಮಡಚಿದಳು.
ಅಷ್ಟು ಪಟಾಕಿಯ ನಡುವೆಯೂ ಆ ಒಂದು ಕಟಕ್
ನನಗೆ ಕೇಳಿಸಿತು.
ನಿಂತಳು, ಎರಡೂ ಕೈ ಮೇಲೆತ್ತಿ.
ಯಾರೂ ತಡೆಯಲಿಲ್ಲ.
ಯಾರೂ ತಡೆಯಲಿಲ್ಲವೆಂದೇ ಅತ್ತಳು.
ನಾನು ಸೆಜಾನಾ ಊರು ಬರುವ ತನಕ
ಕಿಟಕಿಯ ಮಾತೇ ಆಡಿದೆ.

ಆ ಊರಲ್ಲೇ ಇದ್ದಾಳೆ ಈಗ, ಇಪ್ಪತ್ತು ನಿಮಿಷದ ದಾರಿ.
ಫೋನಿನಲ್ಲಿ "ಮಾರು" ಅಂದಳು. ಅಷ್ಟೇ.

ಪಾಲಿಶ್, ಮೆತ್ತನೆ ಬಟ್ಟೆ, ಮತ್ತೆ ಪಾಲಿಶ್.
ಹೊರಗಾದ ಮೇಲೆ ಒಳಗಿನ ಮೈ;
ಬೆನ್ನು ಬಾಗಿಸಿ ಜೋರಾ ನರಳುತ್ತಿದ್ದ ಜಾಗದಲ್ಲೇ ತೂರಿ
ನಾನೂ ನರಳಿದೆ, ಸುಳ್ಳಲ್ಲದೆ.
ಮಧ್ಯಾಹ್ನಕ್ಕೆ ಕಂಡಿತು: ಕಸದ ತೊಟ್ಟಿ,
ದುಯಿಲಿಯೊ ಒಣಹಾಕಿದ ಆರು ಕಾಲುಚೀಲ, ಜೋಡಿ ಒಂದೂ ಇಲ್ಲ,
ತಗ್ಗಿನಲ್ಲಿ ಸಮುದ್ರ, ಕದಲದ ಒಂದು ಹಡಗು.
ಎಲ್ಲದರ ಮೇಲೂ ಅಂಚಿನಿಂದ ಅಂಚಿಗೆ ಆ ಮಡಿಕೆಯ ಗೆರೆ.
ಅದಕ್ಕೆ ಕಾಗದವಿಲ್ಲ, ಪಾಲಿಶ್ ಇಲ್ಲ.

ಶನಿವಾರ ಬಂದ. ಮೊನ್‌ಫಲ್ಕೋನೆಯ ಹಡಗುಕಟ್ಟೆಯಲ್ಲಿ ವೆಲ್ಡರ್, ಎಳೆಯ ಹುಡುಗ.
ಗೆರೆಯ ಮೇಲೆ ಹೆಬ್ಬೆರಳಾಡಿಸಿ, "ಇದು?"
"ಚಳಿ" ಅಂದೆ.
ಅವನು ಬಾಯಿ ತೆರೆಯುವ ಮೊದಲೇ ಐವತ್ತು ಯೂರೊ ಇಳಿಸಿದೆ.

ಇಳಿಜಾರಿನಲ್ಲಿ ಹೋಗುವಾಗ, ಹೊರಗೆ ನಿಂತ ನನಗೆ
ಅವನ ತಲೆಯ ಹಿಂಭಾಗ, ಹೊಸ ಕ್ಷೌರ,
ರೇಡಿಯೊ ತಿರುವುವ ಕೈ, ಎಲ್ಲ ನಿಚ್ಚಳ.
ಒಮ್ಮೆಯೂ ಹಿಂದೆ ನೋಡಲಿಲ್ಲ.

ಹಣ ಮೇಜಿನ ಮೇಲೆ ಎರಡು ಪಾಲು ಮಾಡಿದೆ.
ಆ ಐವತ್ತನ್ನು
ನನ್ನ ಪಾಲಿನಿಂದಲೇ ತೆಗೆದೆ.