ನಡಾವಳಿ

ವಿಷಯ: ಶಿಂಷೆಯ ಹೂಳೆತ್ತುವ ಬಗ್ಗೆ ಸಾರ್ವಜನಿಕ ಸಭೆ.
ಸ್ಥಳ: ಮದ್ದೂರು, ಹೊಳೆ ಪಕ್ಕದ ಛತ್ರ.
ಅರವತ್ತು ಕುರ್ಚಿ ಹಾಕಿಸಿದ್ದೆ.
ಬಂದವರು ಹದಿನೇಳು,
ಅದರಲ್ಲಿ ಆರು ಮಂದಿ ನಮ್ಮ ಪುರಸಭೆಯವರೇ,
ವಡೆ ಕಾಫಿ ಮುಗಿಯಲೆಂದು ಕೂತವರು.

ನಾನು ಗುಮಾಸ್ತ. ಆಡಿದ್ದನ್ನು ಬರೆಯುವುದಷ್ಟೇ ಕೆಲಸ.

ಇಂಜಿನಿಯರ್ ಚಂದ್ರಪ್ರಭಾ ಗೋಡೆಯ ಮೇಲೆ
ಹೊಳೆಯನ್ನು ನೀಲಿ ಬಣ್ಣದಲ್ಲಿ ತೋರಿಸಿದರು.
'ಯಾವೂರ ಹೊಳೆ ಇದು?' ಹಿಂದಿನಿಂದ ಒಂದು ದನಿ.
ಎಲ್ಲರೂ ನಕ್ಕರು.
ನಗು ನಡಾವಳಿಗೆ ಬರುವುದಿಲ್ಲ.

ಹೂಳು ಸರಾಸರಿ ನಾಲ್ಕಡಿ, ಅಂದರು ಮೇಡಂ.
ಸೀಸ ಇಷ್ಟು, ಕ್ರೋಮಿಯಂ ಇಷ್ಟು,
ಎಳನೀರು ಬುರುಡೆ ಲೆಕ್ಕಕ್ಕಿಲ್ಲ.

ಆಗ ಎದ್ದವಳು ಮಡಿವಾಳರ ದೇವೀರಮ್ಮ.
'ನಾಕಡಿ ಅಂತೀಯಲ್ಲವ್ವ,
ನಮ್ಮತ್ತೆ ಬಟ್ಟೆ ಒಗೀತಿದ್ದ ಕಲ್ಲು ಎಲ್ಲೈತೆ ಹೇಳು ನೋಡಾನ.
ಅದರ ಮ್ಯಾಲೆ ನಿಂತ್ಕಂಡು ನಾನು ನೀರಿಗೆ ಹಾರ್ತಿದ್ದೆ ಕನವ್ವ,
ಕಾಲು ನೆಲ ಮುಟ್ತಿರ್ನಿಲ್ಲ.'

ಅಷ್ಟರಲ್ಲಿ ಮೈಸೂರಿನ ರೈಲು ಸೇತುವೆ ಹತ್ತಿತು.
ಯಾರ ಮಾತೂ ಯಾರಿಗೂ ಕೇಳದ ಒಂದು ನಿಮಿಷ.
ಸದ್ದು ಅಡಗಿದಾಗ ಕುರ್ಚಿಗಳು ಖಾಲಿ,
ಸಭೆ ಹೊಳೆದಂಡೆಯಲ್ಲಿತ್ತು.
ಹೀಗೆಂದು ಯಾರೂ ಠರಾವು ಮಾಡಿರಲಿಲ್ಲ.

ಎಳನೀರು ಮಂಡಿಯ ನಯಾಜ್ ಎರಡು ದೋಟಿ ತಂದು
ತುದಿಗೆ ತುದಿ ಸೇರಿಸಿ ಹಗ್ಗ ಬಿಗಿದ.
ದೇವೀರಮ್ಮ ಅರಳಿಮರಕ್ಕೆ ಬೆನ್ನು ಕೊಟ್ಟು
ಸೇತುವೆಯ ಮೂರನೇ ಕಂಬವನ್ನು ಮೂಗಿನ ನೇರಕ್ಕೆ ತಂದುಕೊಂಡು
'ಅಲ್ಲಿ' ಅಂದಳು.
ದೋಟಿ ಇಳಿಯಿತು, ಅಂಬಲಿಗೆ ಸೌಟು ಇಳಿದ ಹಾಗೆ.
'ಇನ್ನೊಂಚೂರು ಎಡಕ್ಕೆ, ಲೋ.'
ಮತ್ತೆ ಇಳಿಯಿತು.
ಮೂರನೇ ಸಲಕ್ಕೆ
ಠಕ್.

ಏಳಡಿ. ಅದೂ ಕಲ್ಲಿನ ನೆತ್ತಿಗೆ.
ಮೇಡಂ ಎರಡು ಸಲ ಅಳೆದರು,
ಆಮೇಲೆ ಚಪ್ಪಲಿ ಬಿಟ್ಟು ದಂಡೆಯ ಮೇಲೆ ಕೂತುಬಿಟ್ಟರು.

ಮೇಲೆ ಬಂದ ದೋಟಿಯ ತುಂಬ ಕಪ್ಪು.
ಸೋಮನಹಳ್ಳಿಯ ಬೋರಯ್ಯ ಒಂದು ಚಿಟಿಕೆ ಉಜ್ಜಿ ಮೂಸಿದ.
'ಗೋಡು ಬೇಕೂಂತ ಗಾಡಿ ಹೂಡ್ಕಂಡು
ಅಣ್ತಮ್ಮಂದ್ರು ಹೊಡ್ದಾಡ್ತಿದ್ರು.
ಈಗ ಇದನ್ನ ಯಾವನ ಗದ್ದೆಗೆ ಹಾಕೀರಿ?'
ಉತ್ತರವಿಲ್ಲ. ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.

ಬ್ಯಾಟರಿ ಅಂಗಡಿಯ ಜವರಪ್ಪ
ಅಷ್ಟು ಹೊತ್ತೂ ದೂರ ನಿಂತಿದ್ದವನು
ಹತ್ತಿರ ಬಂದ. 'ಇದರಲ್ಲಿ ನಂದೂ ಅದೆ ಸಾ' ಅಂದ.
'ಬರಕೊಳ್ಳಲೇ?' ಕೇಳಿದೆ.
ಹೊಳೆ ನೋಡಿದ, ನನ್ನ ಪೆನ್ನು ನೋಡಿದ.
'ನಂದೊಂದೇ ಅಲ್ಲ, ಅದನ್ನೂ ಬರಕೊಳ್ಳೋದಾದ್ರೆ.'
ನಮ್ಮ ಪುರಸಭೆಯ ದೊಡ್ಡ ಚರಂಡಿ
ಅವನ ಕಾಲ ಬುಡದಲ್ಲೇ ಹೊಳೆಗೆ ಸುರಿಯುತ್ತಿತ್ತು.
ಎರಡನ್ನೂ ಬರೆದೆ.
ಕೈ ಸ್ವಲ್ಪ ನಿಧಾನವಾಯಿತು.

ಹೂಳು. ಇಪ್ಪತ್ತು ವರ್ಷ ಕಡತದಲ್ಲಿ ಬರೆದ ಪದ.
ಹೊಳೆಯಲ್ಲಿ ಕೂತಿದ್ದರೆ ನಾಮಪದ,
ನಾವು ಮಾಡಿದರೆ ಕ್ರಿಯಾಪದ.
ಇಸ್ಕೂಲಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಜರಿಗೆ ಸಹಿ.
ದೇವೀರಮ್ಮನ ಮುಂದೆ ಶಾಯಿಯ ಡಬ್ಬಿ ಚಾಚಿದೆ.
ಅವಳು ಅದನ್ನು ಪಕ್ಕಕ್ಕೆ ಸರಿಸಿ
ನನ್ನ ಜೇಬಿನಿಂದ ಪೆನ್ನು ಕಿತ್ತುಕೊಂಡು
ಒಂದೊಂದೇ ಅಕ್ಷರ, ಸಾವಕಾಶ, ಒತ್ತಿ ಬರೆದಳು,
ಕೆಳಗಿನ ಎರಡು ಹಾಳೆಗೂ ಅಚ್ಚು ಬೀಳುವಂತೆ.

'ಸರಾಸರಿ ನಾಲ್ಕಡಿ' ಎಂಬುದನ್ನು ಹೊಡೆದುಹಾಕಿದೆ.
ಏಳಡಿ. ಆಧಾರ: ದೇವೀರಮ್ಮ.

ಮುಂದಿನ ಸಭೆ ಗುರುವಾರ, ಬಿಸಿಲೇರುವ ಮೊದಲು.
ಸ್ಥಳ: ಕಲ್ಲಿನ ನೇರಕ್ಕೆ, ದಂಡೆಯಲ್ಲಿ.
ಕುರ್ಚಿ ಬೇಡ.
ದೋಟಿ ಇದ್ದವರು ತರುವುದು.